ಎಡಗಡೆಯ ಸ್ಪೀಕರಿನ ಗಲಗಲ

ಮಂಗಳವಾರ, ಮಾರ್ಚ್ ೧೨

ತಲೆ ಕೆಟ್ಟುಹೋಗಿದೆ. ಸೆಕೆಂಡ್ ಹ್ಯಾಂಡ್ ತಂದ ಹಳೆಯ ಸ್ಪೀಕರ್ ಜೋಡಿಗೆ, ಒಳಗೆ ಅದುರುವ ಕಾಗದದ ಕೋನಿನ ಸುತ್ತ, ಹೊಸ ಫೋಮ್ ಅಂಚು ಅಂಟಿಸಿದ್ದಾಯಿತು. ಬಲಗಡೆಯದು ತಕರಾರಿಲ್ಲದೆ ಹಾಡುತ್ತದೆ, ಎಡಗಡೆಯದು ಮಾತ್ರ ಗಲಗಲ ಅನ್ನುತ್ತದೆ. ನನ್ನ ಅಂಟಿನದೇ ತಪ್ಪೆಂದು ಇವತ್ತು ಮತ್ತೆ ಬಿಚ್ಚಹೋದೆ. ಕಾಗದದ ಕೋನ್ ಪರ್ರೆಂದು ಹರಿಯಿತು.

ಆಗ ಬಂದರು ಅತ್ತೆ. "ಆ ಗಲಗಲ ನನ್ನ ಹಲ್ಲುಸೆಟ್ಟಿನ ಲೋಟದ್ದು ಕಣೇ. ನಿನ್ನ ಎಡಗಡೆ ಪೆಟ್ಟಿಗೆ ಹಾಡಿದಾಗೆಲ್ಲ ಅದರ ಮೇಲಿನ ಶೆಲ್ಫಲ್ಲಿ ಕುಣಿಯುತ್ತೆ."

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ನೀನು ಕೇಳಿದ್ರೆ ತಾನೇ?"

ಬೊಚ್ಚುಬಾಯಲ್ಲಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇಂಥ ಕೋನ್ ಈಗ ಎಲ್ಲೂ ಸಿಗುವುದಿಲ್ಲ. ಊಟಕ್ಕೂ ಏಳಲಿಲ್ಲ. ಕೊನೆಗೆ ಅವರೇ ಪಕ್ಕ ಕೂತು ಹರಿದ ಕಾಗದವನ್ನು ಬೆರಳಲ್ಲಿ ಕೂಡಿಸಿ ಹಿಡಿದರು, ನಾನು ಹಿಂದಿನಿಂದ ತೇಪೆ ಅಂಟಿಸಿದೆ. ಒಣಗುವವರೆಗೆ ಬಿಡಬೇಡಿ ಎಂದೆ. ಕೂತಲ್ಲೇ ತೂಕಡಿಸಿದರು, ಬೆರಳು ಮಾತ್ರ ಸಡಿಲಿಸಲಿಲ್ಲ.

ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಬಿಡದ ಹೆಂಗಸು.