ಕುಂಕುಮದ ಮೇಲೆ ಹೊರಿಸಿದ ಅಪವಾದ, ಬೀರುವಿನಲ್ಲಿ ಕೂತ ಎರಡು ಡಿಸ್ಕು

ನಮ್ಮ ಗೃಹನಿರ್ಮಾಣ ಸಹಕಾರ ಸಂಘದ ಮಾನ್ಯ ಆಡಳಿತಾಧಿಕಾರಿಯವರೇ,

ತಾವು ಬೀರುವಿನಲ್ಲಿಟ್ಟು ಬೀಗ ಹಾಕಿರುವ ಎರಡು ಹಾರ್ಡ್ ಡಿಸ್ಕುಗಳನ್ನು ದಯವಿಟ್ಟು ಹೊರಗೆ ತೆಗೆಯಿರಿ. ಇದನ್ನು ತಮ್ಮ ಕಚೇರಿಗೆ ಬಂದು ವಿನಯದಿಂದ ಕೇಳಿದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮತ್ತೆ ಬಂದು ಕೇಳಿದೆ, ಆಗಲೂ ಅದೇ ಮೀಟಿಂಗು ನಡೆಯುತ್ತಿತ್ತು. ಆದ್ದರಿಂದ ಈಗ ನಾಲ್ಕು ಜನ ಓದುವ ಹಾಗೆ ಕೇಳುತ್ತಿದ್ದೇನೆ.

ನಾನು ಬಿ.ಟಿ.ಎಂ. ಲೇಔಟಿನಲ್ಲಿ ಮುಳುಗಿಹೋದ ಹಳೇ ಊರಿನವನು. ನಮ್ಮ ಹೊಲದ ಮೇಲೆ ಬಡಾವಣೆ ಎದ್ದ ಮೇಲೆ ಉಳಿದ ಜಾಗದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದೇನೆ. ಮಹಡಿ ಮೇಲಿನ ಮನೆಯಲ್ಲಿರುವವಳು ಜಯಾ. ಬಾಗಲಕೋಟೆ ಕಡೆಯ ಹುಡುಗಿ, ತಮ್ಮ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್. ಸದಸ್ಯರ ವಿವರಗಳಿದ್ದ ಸರ್ವರ್ ಕಂಪ್ಯೂಟರನ್ನು ಈ ಸಲದ ಆಯುಧಪೂಜೆಯಲ್ಲಿ ಹಾಳು ಮಾಡಿದಳು ಎಂದು ತಾವು ಅವಳನ್ನು ಅಮಾನತಿನಲ್ಲಿಟ್ಟಿದ್ದೀರಿ. ಬರುವ ಸೋಮವಾರ ವಿಚಾರಣೆಯಂತೆ, ಅದರ ಹಿಂದೆಯೇ ವಜಾ ಆಗುವುದಂತೆ. ‘ದಾಖಲೆ ನಾಶ ಮಾಡಿದವಳು’ ಎಂಬ ಹಣೆಪಟ್ಟಿ ಹೊತ್ತ ಹೆಣ್ಣುಮಗಳಿಗೆ ಈ ಊರಿನಲ್ಲಿ ಯಾವ ಕಚೇರಿ ಕೆಲಸ ಕೊಡುತ್ತದೆ ಸ್ವಾಮಿ? ತಾವು ಕೊಡುತ್ತೀರಾ?

ತಮ್ಮ ವರದಿಯ ಪ್ರಕಾರ ಪೂಜೆಯ ಕುಂಕುಮ, ವಿಭೂತಿ, ಗಂಧದ ನೀರು ಸರ್ವರಿನೊಳಗೆ ಹೋಗಿ ಎರಡು ಡಿಸ್ಕೂ ಕೆಟ್ಟವು. ಇದನ್ನು ನಮ್ಮಮ್ಮ ಬೈರಮ್ಮನಿಗೆ ಓದಿ ಹೇಳಿದೆ. ಆಕೆ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, “ಅಯ್ಯೋ ಇವರ ಬುದ್ಧಿಗಿಷ್ಟು! ಕುಂಕುಮ ಬಿದ್ರೆ ಮಿಷನ್ ಸಾಯೋ ಹಾಗಿದ್ರೆ ನಮ್ ಪಂಪ್‌ಸೆಟ್ಟು ನಿಮ್ಮಪ್ಪನ ಕಾಲದಲ್ಲೇ ಹೋಗ್ಬೇಕಿತ್ತಲ್ಲೋ ಕೆಂಪರಾಜು” ಎಂದಳು. ನಮ್ಮಮ್ಮ ಓದಿದವಳಲ್ಲ, ಅವಳ ಮಾತು ಬಿಡಿ. ಜಯನಗರದಲ್ಲಿ ಕೆಟ್ಟ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವುದನ್ನೇ ಕಸುಬು ಮಾಡಿಕೊಂಡಿರುವ ಎಂಜಿನಿಯರ್ ಮೌನೇಶರನ್ನು ಹುಡುಕಿಕೊಂಡು ಹೋದೆ. ಅವರು ನನ್ನ ಮುಂದೆ ಒಂದು ಹಳೇ ಡಿಸ್ಕನ್ನು ಬಿಚ್ಚಿ ತೋರಿಸಿದರು. ಒಳಗೆ ಕನ್ನಡಿಯಂಥ ತಟ್ಟೆಗಳು, ಅವುಗಳ ಮೇಲೆ ಒಂದು ಸಣ್ಣ ಕಡ್ಡಿ. ಹೊರಗಿನ ಧೂಳು ಒಳಗೆ ಹೋಗದಂತೆ ಕಾರ್ಖಾನೆಯಲ್ಲೇ ಬಿಗಿದಿರುತ್ತಾರಂತೆ.

“ಸಾರ್, ಕುಂಕುಮ ಆ ಡಬ್ಬದ ಮೇಲೆ ಬಿದ್ದಿರುತ್ತೆ, ಡಿಸ್ಕ್ ಒಳಗೆ ಹೋಗಲ್ಲ. ವರ್ಷಗಟ್ಲೆ ನಿಲ್ದೆ ಸುತ್ತಿದ್ದನ್ನ ದಿಢೀರಂತ ಆಫ್ ಮಾಡಿ ತಣ್ಣಗಾಗೋಕೆ ಬಿಟ್ರೆ, ಕೆಲವು ಮತ್ತೆ ಸ್ಟಾರ್ಟೇ ಆಗಲ್ಲ. ಎರಡೂ ಒಂದೇ ಲಾಟಲ್ಲಿ ಬಂದು, ಒಂದೇ ದಿನದಿಂದ ಓಡಿದ್ರೆ ಒಟ್ಟಿಗೇ ಕೈಕೊಡೋದೂ ಉಂಟು” ಎಂದರು ಮೌನೇಶ.

“ಹಾಗಾದ್ರೆ ಒಳಗಿದ್ದದ್ದು?”

“ತಟ್ಟೆ ಸುತ್ತಲ್ಲ ಅಂದ್ರೆ ಬರೆದದ್ದು ಅಳಿಸೋಯ್ತು ಅಂತಲ್ಲ. ಎರಡರಲ್ಲೂ ಒಂದೇ ಮಾಹಿತಿ ಇರುತ್ತೆ, ಒಂದು ಎದ್ರೂ ಸಾಕು. ಸಿಕ್ಕೇ ಸಿಗುತ್ತೆ ಅಂತ ನೋಡದೆ ಹೇಳಲ್ಲ. ತಂದುಕೊಡಿ, ನೋಡೋಣ.”

ತಂದುಕೊಡುವುದು ಹೇಗೆ? ಬೀಗದ ಕೈ ತಮ್ಮ ಹತ್ತಿರ ಇದೆಯಲ್ಲ.

ಈಗ ಆ ಪೂಜೆಯ ದಿನದ ಮಾತು. ಹಬ್ಬ ಭಾನುವಾರ ಬಿದ್ದಿದ್ದರಿಂದ ಕಚೇರಿಯಲ್ಲಿ ಶನಿವಾರವೇ ಪೂಜೆ. ಹಿಂದಿನ ವರ್ಷಗಳಲ್ಲೆಲ್ಲ ಪರದೆಗೆ ಹೂವು ಮುಡಿಸಿ, ಕೀಬೋರ್ಡಿಗೆ ಕುಂಕುಮ ಇಟ್ಟು, ಸರ್ವರನ್ನು ಅದರ ಪಾಡಿಗೆ ಓಡಲು ಬಿಡುತ್ತಿದ್ದರು. ಅದನ್ನು ಆರಿಸಬೇಡಿ ಎಂದು ಯಂತ್ರ ಸರಬರಾಜು ಮಾಡಿದ ಗುತ್ತಿಗೆದಾರರ ಎಂಜಿನಿಯರೇ ಪ್ರತಿ ವರ್ಷ ಬಂದು ಬಾಯಿಪಾಠ ಒಪ್ಪಿಸುತ್ತಿದ್ದ. ಈ ವರ್ಷ ಸಂಘದ ವ್ಯವಸ್ಥಾಪಕರಿಗೆ ಇದ್ದಕ್ಕಿದ್ದ ಹಾಗೆ ಭಕ್ತಿ ಉಕ್ಕಿತು. “ಇವತ್ತು ಯಾವ್ ಮಿಷನ್ನೂ ಓಡ್ಬಾರ್ದು ಜಯಾ, ಅದನ್ನೂ ಆಫ್ ಮಾಡಿಬಿಡಿ. ಆಯುಧಕ್ಕೂ ರೆಸ್ಟ್ ಬೇಡ್ವಾ?” ಎಂದರಂತೆ. ಆ ಎಂಜಿನಿಯರ್ ಅಲ್ಲೇ ನಿಂತು ಕಡಲೆಪುರಿ ತಿನ್ನುತ್ತಿದ್ದ. ಬೇಡ ಎನ್ನಲಿಲ್ಲ. ಬಾಯಿ ತುಂಬ ಪುರಿ ಇದ್ದದ್ದಕ್ಕೋ, ಬಾಯಿ ಮುಚ್ಚಿಕೊಂಡಿರಲು ಯಾರಾದರೂ ಹೇಳಿದ್ದಕ್ಕೋ, ನನಗೆ ತಿಳಿಯದು. ಜಯಾ ಆರಿಸಿದಳು, ಸರ್ವರ್ ಯಂತ್ರಕ್ಕೂ ಮೂರು ಬೆರಳು ವಿಭೂತಿ ಎಳೆದಳು, ಕೈಮುಗಿದಳು. ಹೊರಗೆ ಬೂದುಗುಂಬಳಕಾಯಿ ಒಡೆದು ಎಲ್ಲರೂ ಮನೆಗೆ ಹೋದರು. ಹಬ್ಬದ ರಜೆ ಮುಗಿಸಿ ಬಂದು ಸ್ವಿಚ್ಚು ಒತ್ತಿದರೆ ಯಂತ್ರ ಟಿಕ್ ಟಿಕ್ ಎಂದು ಸುಮ್ಮನಾಯಿತು.

ಮಾನ್ಯರೇ, ನಾನು ಸಂಶಯದ ಪ್ರಾಣಿ ಎಂದು ನನ್ನ ಹೆಂಡತಿಯೇ ಬೈಯುತ್ತಾಳೆ. ಆದರೂ ಕೇಳಲೇಬೇಕು. ಮಾಹಿತಿಯನ್ನು ದಿನವೂ ನಕಲು ತೆಗೆದಿಡುವ ಟೇಪ್ ಡ್ರೈವ್ ಒಂದಿತ್ತಲ್ಲ, ಆಷಾಢದಲ್ಲಿ ರಿಪೇರಿಗೆಂದು ಅದೇ ಗುತ್ತಿಗೆದಾರರು ಹೊತ್ತೊಯ್ದದ್ದು ದಸರಾ ಬಂದರೂ ಯಾಕೆ ವಾಪಸು ಬರಲಿಲ್ಲ? ಹಳೇ ಟೇಪುಗಳನ್ನೂ ‘ಪರೀಕ್ಷೆಗೆ’ ಎಂದು ಜೊತೆಗೇ ಕೊಂಡೊಯ್ದರಂತೆ, ಅದೆಂಥ ಪರೀಕ್ಷೆ? ತಮ್ಮ ವರದಿಯಲ್ಲಿ ಕುಂಕುಮದ ಬಗ್ಗೆ ಒಂದು ಪುಟವಿದೆ, ಟೇಪಿನ ಬಗ್ಗೆ ಒಂದಕ್ಷರವಿಲ್ಲ. ಮೊದಲು ಸೇರಿದವರಿಗೆ ಮೊದಲು ಸಿಗಬೇಕಾದ ಗೊಟ್ಟಿಗೆರೆ ಕಡೆಯ ನಿವೇಶನಗಳ ಹಂಚಿಕೆ ಹತ್ತಿರ ಬಂದಿರುವಾಗಲೇ ಯಾರು ಹಿಂದೆ ಸೇರಿದವರು, ಯಾರು ನಿನ್ನೆ ಮೊನ್ನೆ ಸೇರಿದವರು ಎಂಬುದೆಲ್ಲ ಮಾಯವಾಗಿ, ಈಗ ಸದಸ್ಯರೇ ತಾವು ಸದಸ್ಯರೆಂದು ಸಾಬೀತು ಮಾಡಬೇಕಂತೆ. ಇದು ಕಾಕತಾಳೀಯವೇ? ಇರಲಿ, ಹಾಗೇ ಇರಲಿ. ಡಿಸ್ಕು ಓದಿಸಿ, ನನ್ನ ಬಾಯಿ ಮುಚ್ಚಿಸಿ.

ಅದರ ಬದಲು ತಾವು ಏನು ಮಾಡಿದ್ದೀರಿ? ಹೊಸ ಸರ್ವರಿಗೆ ಸುತ್ತುವ ಭಾಗವೇ ಇಲ್ಲದ, ಎಲೆಕ್ಟ್ರಾನಿಕ್ ಚಿಪ್‌ನಲ್ಲೇ ಬರೆದಿಡುವ ಸಾಲಿಡ್ ಸ್ಟೇಟ್ ಡ್ರೈವುಗಳನ್ನು ಅದೇ ಗುತ್ತಿಗೆದಾರರಿಂದ ತರಿಸುತ್ತಿದ್ದೀರಿ. ‘ಇನ್ನು ಕೆಡುವ ಪ್ರಶ್ನೆಯೇ ಇಲ್ಲ’ ಎಂದು ಸೂಚನಾ ಫಲಕದಲ್ಲಿ ಹಾಕಿಸಿದ್ದೀರಿ. ಹೊಸ ವಸ್ತುವಿನ ಮೇಲೆ ನನಗೆ ದ್ವೇಷವಿಲ್ಲ. ಅದು ಸಖತ್ ವೇಗ ಎಂದು ಮೌನೇಶರೂ ಹೊಗಳಿದರು. ಬರೆದು ಬರೆದು ಅದೂ ಸವೆಯುತ್ತದೆ, ಕೆಟ್ಟರೆ ಅದರೊಳಗಿನದನ್ನು ಈಚೆಗೆ ತೆಗೆಯುವುದು ಇನ್ನೂ ಕಷ್ಟ ಎಂದೂ ಹೇಳಿದರು. ನಮ್ಮ ಹೆಸರು ವಿಳಾಸ ಬರೆದಿಡಲು ಅಷ್ಟೊಂದು ವೇಗ ಯಾಕೆ ಬೇಕು? ನಮಗೆ ಬೇಕಾದದ್ದು ಬೇರೊಂದು ಕಡೆ ಜೋಪಾನವಾಗಿಟ್ಟ ನಕಲು. ಅದು ಹೊಸ ಯೋಜನೆಯಲ್ಲೂ ಇಲ್ಲ ಎಂದು ತಿಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಕಳೆದ ಭಾನುವಾರ ಗುತ್ತಿಗೆದಾರರ ಆ ಎಂಜಿನಿಯರ್ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದ. ಜಯಾ ನನ್ನನ್ನೂ ಕರೆದಳು. ‘ನನ್ನ ಅಜ್ಞಾನದಿಂದ ದಾಖಲೆ ನಾಶವಾಯಿತು, ಮರಳಿ ಪಡೆಯಲು ಸಾಧ್ಯವಿಲ್ಲವೆಂದು ಒಪ್ಪುತ್ತೇನೆ’ ಎಂಬ ಒಕ್ಕಣೆಯ ಹಾಳೆ ಮುಂದಿಟ್ಟು, “ಸೈನ್ ಮಾಡಿ ಮೇಡಂ. ಡಿಸ್ಮಿಸ್ ಮಾಡಲ್ಲ, ರಾಜೀನಾಮೆ ತಗೋತಾರೆ. ನಮ್ಮ ಕಂಪನೀಲೇ ಕೆಲ್ಸ ಕೊಡಿಸ್ತೀನಿ” ಎಂದ.

ಜಯಾ ಆ ಹಾಳೆಯನ್ನು ಎರಡು ಸಲ ಓದಿದಳು. ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ. ಕೆಲಸ ಅವಳಿಗೆ ಬೇಕೇ ಬೇಕು. ಸಹಿ ಹಾಕಿಯೇಬಿಡುತ್ತಾಳೇನೋ ಎಂದು ನಾನೂ ಹೆದರಿದೆ. ಆಮೇಲೆ ತಲೆ ಎತ್ತಿ ಕೇಳಿದಳು: “ನಾ ಆಫ್ ಮಾಡಿದ್ದು ಖರೇರಿ, ಇಲ್ಲ ಅನ್ನಂಗಿಲ್ಲ. ಆದ್ರ ಡಿಸ್ಕಿನ್ಯಾಗ ಏನೂ ಉಳದಿಲ್ಲ ಅಂದ್ರ, ಅದನ್ನ ತಗ್ಯಾಕ ಬರಂಗಿಲ್ಲ ಅಂತ ನಿಮಗ ನನ್ನ ಸಹಿ ಯಾಕ ಬೇಕ್ರಿ?”

ಅವನು ಹಾಳೆ ಮಡಚಿಕೊಂಡು ಇಳಿದು ಹೋದ. ಆ ಪ್ರಶ್ನೆ ಈಗ ತಮ್ಮದು.

ಸೋಮವಾರ ವಿಚಾರಣೆಗೆ ಮೊದಲು ಬೀರು ತೆಗೆಯಿರಿ. ಸದಸ್ಯರ ಎದುರಿಗೆ ಡಿಸ್ಕುಗಳನ್ನು ಮೊಹರು ಮಾಡಿ, ಗುತ್ತಿಗೆದಾರರೂ ನಾನೂ ಆರಿಸದ ಯಾವುದಾದರೂ ಪ್ರಯೋಗಾಲಯಕ್ಕೆ ಕಳಿಸಿ. ಫಲಿತಾಂಶ ಬರುವವರೆಗೆ ಜಯಾಳ ವಜಾ ಆದೇಶಕ್ಕೆ ಕೈ ಹಾಕಬೇಡಿ. ಡಿಸ್ಕುಗಳು ನಿಜಕ್ಕೂ ಸತ್ತಿದ್ದರೆ ಇದೇ ರೀತಿ ಬಹಿರಂಗವಾಗಿ ತಮ್ಮ ಕ್ಷಮೆ ಕೇಳುತ್ತೇನೆ. ಸೋಮವಾರ ಬೆಳಿಗ್ಗೆ ಜಯಾ ಬರುತ್ತಾಳೆ, ಅವಳ ಜೊತೆ ನಾವೂ ಬಂದು ಬೀರುವಿನ ಮುಂದೆ ಕೂರುತ್ತೇವೆ. ತಮ್ಮ ಮೀಟಿಂಗು ಎಷ್ಟು ಹೊತ್ತಿಗಾದರೂ ಮುಗಿಯಲಿ, ಕಾಯುತ್ತೇವೆ.

ಇಂತಿ, ಆ ತಟ್ಟೆಗಳು ಸುತ್ತುವವರೆಗೆ ತಮ್ಮ ಸಂಘದ ಸದಸ್ಯನೋ ಅಲ್ಲವೋ ಎಂದು ತನಗೇ ಖಾತ್ರಿಯಿಲ್ಲದ,
ಕೆಂಪರಾಜು
ಬಿ.ಟಿ.ಎಂ. ಲೇಔಟ್, ಬೆಂಗಳೂರು
ಅಕ್ಟೋಬರ್ 2009