ಚೀಸಿನ ತುದಿ

ನವೆಂಬರ್ ೧೨, ಬುಧವಾರ. ತೂರ್, ಫ್ರಾನ್ಸ್.

ತ್ರಿಕೋನದ ಚೀಸಿನ ಚೂಪು ತುದಿಯನ್ನು ಒಬ್ಬರೇ ಕತ್ತರಿಸಿಕೊಳ್ಳಬಾರದಂತೆ. ರುಚಿಯೆಲ್ಲ ಅಲ್ಲೇ ಇರುವುದರಿಂದ ಉದ್ದಕ್ಕೆ ಸೀಳಿ ಎಲ್ಲರಿಗೂ ಉಳಿಸಬೇಕಂತೆ. ಸರ್ಬಿಯಾದಿಂದ ಫ್ರೆಂಚ್ ಕಲಿಯಲು ಬಂದ ಮೊದಲ ದಿನವೇ ನಾನು ಮಾಡಿದ ಆ ತಪ್ಪನ್ನು ಮನೆಯೊಡತಿ ಮದಾಂ ಗಾರೋ ಎರಡು ವರ್ಷದಿಂದ ನೆಂಟರಿಗೆಲ್ಲ ಹೇಳಿ ನಗುತ್ತಿದ್ದಾಳೆ. ಈ ಜನಕ್ಕೆ ಚೀಸೇ ಸಂಸ್ಕಾರ. ಸ್ನಾನಕ್ಕೆ ಐದು ನಿಮಿಷ ಹೆಚ್ಚಾದರೆ ಬಾಗಿಲು ಬಡಿಯುವುದು ಯಾವ ಸಂಸ್ಕಾರವೋ.

ಇವತ್ತು ಹಂಗೇರಿಯಿಂದ ಹೊಸ ವಿದ್ಯಾರ್ಥಿನಿ ಇಲ್ದಿಕೊ ಬಂದಳು. ಊಟದ ಕೊನೆಗೆ ಚೀಸು ಬಂತು, ತುದಿಯನ್ನೇ ಕಚಕ್ಕನೆ ಕತ್ತರಿಸಿಕೊಂಡಳು. ಮದಾಂ ಬಾಯಿ ತೆರೆಯುವ ಮೊದಲೇ ನಾನು ಅಂದುಬಿಟ್ಟೆ: "ನಿಮ್ಮೂರಲ್ಲಿ ಹೀಗೇನಾ ತಿನ್ನೋದು?"

"ನೋಡಮ್ಮ, ಇವಳೀಗ ನಮ್ಮನೇವಳೇ ಆಗೋದ್ಲು," ಎಂದು ಮದಾಂ ಇಲ್ದಿಕೊಗೆ ಹೇಳಿ, ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ತಿಂದೆ. ರುಚಿಯಾಗಿತ್ತು, ಹಾಳಾದ್ದು.