ಎಡಗಡೆ ಗಾಳಿ ಬಾರದ ಕಾರು

ಮನೆಯಿಂದ,
ಮೇ ೧೪, ಭಾನುವಾರ ಮಧ್ಯಾಹ್ನ

ಮಗಳ ಅಪ್ಪನಿಗೆ ನಮಸ್ಕಾರ.

ಹೇಗಿದ್ದೀರಿ? ಹಡಗಿನ ಎಂಜಿನ್ ಕೋಣೆಯ ಸೆಖೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ? ಇದನ್ನೆಲ್ಲ ಮೊದಲು ಕೇಳುವುದು ನನ್ನ ಹಳೆಯ ಚಾಳಿ. ನಿಮ್ಮ ಪತ್ರದಲ್ಲಿ ಮೊದಲು ಕಾರಿನ ಯೋಗಕ್ಷೇಮ, ಆಮೇಲೆ ಅದರ ಬ್ಯಾಟರಿಯ ಯೋಗಕ್ಷೇಮ, ಅದರ ಟೈರಿನ ಯೋಗಕ್ಷೇಮ, ಕಟ್ಟಕಡೆಗೆ ಜಾಗ ಉಳಿದಿದ್ದಕ್ಕೆ 'ನೀನೂ ಚೆನ್ನಾಗಿದ್ದೀ ಎಂದು ಭಾವಿಸುತ್ತೇನೆ' ಎಂದಿತ್ತು. ಭಾವಿಸಿಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಮಗಳೂ ಅಳಿಯನೂ ಕ್ಷೇಮ. ಮೊಮ್ಮಗಳಿಗೆ ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನನ್ನನ್ನು ಹೋತಿದ್ದಾಳೆ ಅನ್ನುತ್ತೀರೇನೋ, ಅನ್ನಿ.

ನೀವು ಹೇಳಿದಂತೆ ಕಾರಿನ ಎ.ಸಿ. ರಿಪೇರಿ ಆಯಿತು. ಮುಂದಿನ ತಿಂಗಳು ಹಡಗಿಗೆ ಸಲಾಂ ಹೊಡೆದು ಶಾಶ್ವತವಾಗಿ ಮನೆಗೆ ಬರುತ್ತೀರಿ, ಬಂದ ವಾರವೇ ನಾವಿಬ್ಬರೂ ಆ ಹಳೆಯ ಕಾರಿನಲ್ಲಿ ಊರೂರು ಸುತ್ತಲು ಹೊರಡಬೇಕು, ಅದಕ್ಕೆ ಎ.ಸಿ. ತಣ್ಣಗಿರಬೇಕು, ಅಷ್ಟರೊಳಗೆ ನಾನು ಕೆಲಸ ಬಿಟ್ಟಿರಬೇಕು. ಒಂದೇ ಉಸಿರಿಗೆ ಇಷ್ಟೂ ಅಪ್ಪಣೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಉಗ್ರಾಣ ನೋಡಿಕೊಳ್ಳುವ ನನ್ನನ್ನು ಈಗ ವಾರ್ಡನ್ ಮಾಡುತ್ತಾರಂತೆ, ಅಲ್ಲೇ ಕೋಣೆ ಕೊಡುತ್ತಾರಂತೆ, ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಂತೆ ಎಂದು ನಿಮಗೆ ತಿಳಿಸಿದ್ದೆ. 'ಬೇಡ ಅಂತ ಹೇಳ್ಬಿಡು. ಈ ವಯಸ್ಸಲ್ಲಿ ನಿಂಗ್ಯಾಕೆ ಕಂಡೋರ ಮಕ್ಕಳ ಉಸಾಬರಿ?' ಎಂದು ಫೋನಿನಲ್ಲಿ ತೀರ್ಪು ಕೊಟ್ಟಿರಿ. ನಾನು ಬೇಡ ಅನ್ನಲು ಸಿದ್ಧವಾಗಿಯೇ ಇದ್ದೆ. ಸುಳ್ಳು ಯಾಕೆ ಹೇಳಲಿ, ಆಸೆಯಿಂದಲೇ ಸಿದ್ಧವಾಗಿದ್ದೆ. ಮದುವೆಯಾದಾಗಿನಿಂದ ಹಡಗಿನ ಪಾಲಾಗಿದ್ದ ಮನುಷ್ಯ ಈಗಲಾದರೂ ನನ್ನ ಪಾಲಿಗೆ ಬರುತ್ತಾರಲ್ಲ ಎಂದು ಪ್ರಯಾಣಕ್ಕೆ ಹೊಸ ಚಪ್ಪಲಿ ಕೂಡ ಕೊಂಡಿದ್ದೆ.

ಗ್ಯಾಸಣ್ಣನ ಶೆಡ್ಡಿಗೆ ನಾನೇ ಹೋಗಿ ನಿಂತೆ. ಬೀದಿಯಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುವುದು, ಫ್ರಿಜ್ಜು, ಎ.ಸಿ., ಏನೇ ಕೆಟ್ಟರೂ ಮೊದಲು 'ಗ್ಯಾಸ್ ಹೋಗಿದೆ' ಅನ್ನುತ್ತಾನೆ. ಈ ಸಲ ನಿಜವಾಗಿಯೂ ಹೋಗಿತ್ತು. ಕೊಳವೆಗಳಿಗೆ ಸೋಪಿನ ನೊರೆ ಬಳಿದು ಗುಳ್ಳೆ ಎಲ್ಲಿ ಏಳುತ್ತದೆಂದು ನನಗೂ ತೋರಿಸಿದ. ಹಳೆಯ ಗ್ಯಾಸು ಈಗ ಸಿಗುವುದಿಲ್ಲವಂತೆ, ಹೊಸ ಗ್ಯಾಸಿಗೆ ಎಣ್ಣೆಯೂ ಬೇರೆ, ರಬ್ಬರು ಬಳೆಗಳೂ ಬೇರೆ. ಎಲ್ಲ ಹಾಕಿಸಿದೆ. 'ಪಕ್ಕದಲ್ಲೇ ನಿಂತು ನೋಡ್ಕೋ, ಡ್ಯಾಶ್‌ಬೋರ್ಡ್ ಮಾತ್ರ ಬಿಚ್ಚಿಸ್ಬೇಡ' ಎಂದು ನೀವು ಮೂರು ಸಲ ಹೇಳಿದ್ದಿರಿ. ಹಳೆಯ ಮರದ ಹಲಗೆ, ಬಿಚ್ಚಿದರೆ ಸೀಳುತ್ತದೆ ಎಂಬ ಕಾಳಜಿ ಇರಬೇಕೆಂದುಕೊಂಡೆ. ಆದರೆ ಗ್ಯಾಸು ತುಂಬಿದ ಮೇಲೆ ಓಡಿಸುವವರ ಕಡೆ ಹಲ್ಲು ಕಟಕಟಿಸುವಷ್ಟು ತಂಪು, ಎಡಗಡೆ ಹಾಳು ಉಸಿರೂ ಇಲ್ಲ. 'ಒಂದ್ ಕಣ್ಣಿಗೆ ಬೆಣ್ಣೆ, ಒಂದ್ ಕಣ್ಣಿಗೆ ಸುಣ್ಣ ಆಯ್ತಲ್ಲಮ್ಮ, ಹೀಗೆ ಕಳಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು' ಎಂದು ಅವನು ಗೊಣಗಿದ. ನಿಮ್ಮ ಕಾರು ನೀವು ಬರುವಾಗ ಯಾವ ಕುಂದೂ ಇಲ್ಲದಂತಿರಲಿ ಎಂದು ನಾನೇ ಬಿಚ್ಚು ಎಂದೆ.

ಎಡಗಡೆಯ ಗಾಳಿಕೊಳವೆಯೊಳಗೆ ಬಟ್ಟೆಯ ಉಂಡೆ ಇತ್ತು. 'ಯಾರೋ ಬೇಕಂತ್ಲೇ ತುರುಕಿದ್ದಾರಮ್ಮ. ಎ.ಸಿ. ಸುಸ್ತಾದ್ರೆ ಹೀಗ್ ಮಾಡ್ತಾರೆ, ಓಡಿಸೋನಿಗಾದ್ರೂ ಸಿಗ್ಲಿ ಅಂತ' ಎಂದು ಅದನ್ನು ನನ್ನ ಕೈಗೆ ಹಾಕಿದ. ನಿಮ್ಮ ನೀಲಿ ಚೌಕಳಿ ಅಂಗಿಯ ತೋಳು. ಗುಂಡಿ ಹೊಲಿದವಳು ನಾನು, ನನ್ನ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ? ಸುತ್ತ ತಂತಿ ಬಿಗಿದು, ಯಾರ ಕೈಗೂ ಚುಚ್ಚಬಾರದೆಂದು ತುದಿಯನ್ನು ಒಳಕ್ಕೆ ಮಡಚಿದ್ದಿರಿ. ಆಹಾ, ಏನು ಕಾಳಜಿ! ಹಿಂದೆ ಈ ಕಾರು ಇಟ್ಟುಕೊಂಡಿದ್ದವರು ಮಾಡಿರಬೇಕು ಎಂದು ಗ್ಯಾಸಣ್ಣನಿಗೆ ಹೇಳಿದೆ. ಮಾನ ಮುಚ್ಚಿಕೊಳ್ಳಬೇಕಲ್ಲ, ನಿಮ್ಮದೋ ನನ್ನದೋ ತಿಳಿಯಲಿಲ್ಲ.

ನೀವು ರಜೆಗೆ ಬಂದಿದ್ದಾಗ, ಮಗಳಿಗೆ ವರ್ಷ ತುಂಬುವ ಮೊದಲು ಜ್ವರ ಬಂದು ಇದೇ ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಹೊರಟಿದ್ದು ನಿಮಗೆ ನೆನಪಿದೆಯೋ ಇಲ್ಲವೋ. ನೆತ್ತಿ ಸುಡುವ ಬಿಸಿಲು. ಮಡಿಲಲ್ಲಿ ಮಗು ಕೆಂಡದಂತಿತ್ತು, ನನ್ನ ಬೆವರು ಅದರ ಮೇಲೆ ತೊಟ್ಟಿಕ್ಕುತ್ತಿತ್ತು. ಈ ಕಡೆ ಯಾಕೆ ಗಾಳಿ ಬರುವುದಿಲ್ಲ ಎಂದು ಅಂಗಲಾಚಿದೆ. 'ಹಳೇ ಗಾಡಿ ಕಣೇ, ಆ ಕಡೆಗೆ ಎಳೆಯಲ್ಲ' ಎಂದಿರಿ. ನಿಮ್ಮ ಮುಂದಿನ ಕಿಂಡಿಯ ಗಾಳಿ ಮಗುವಿನ ತಲೆಗೆ ತಾಗಲಿ ಎಂದು ಎರಡೂ ಕೈ ಚಾಚಿ ಅದನ್ನು ನಿಮ್ಮತ್ತ ಹಿಡಿದೆ. 'ಗೇರ್ ಹಾಕೋಕೆ ಅಡ್ಡ ಬರುತ್ತೆ, ಆ ಕಡೆ ಹಿಡ್ಕೋ' ಎಂದಿರಿ. ಹಿಡಿದುಕೊಂಡೆ. ದಾರಿಯುದ್ದಕ್ಕೂ ರಟ್ಟಿನ ಚೂರಿನಿಂದ ಬೀಸಿದೆ, ಕಾರಿಗೆ ಶಾಪ ಹಾಕಿದೆ. ಪಾಪ, ಕಾರಿನ ತಪ್ಪೇನಿತ್ತು.

ಎ.ಸಿ. ಸಾಲುವುದಿಲ್ಲ, ಓಡಿಸುವವನಿಗೆ ತಂಪು ಬೇಕು ಎಂದು ಒಂದು ಮಾತು ಹೇಳಿದ್ದರೆ ನಾನೇ ಅಂಗಿ ಹರಿದು ಕೊಡುತ್ತಿದ್ದೆ. ನನ್ನ ಸಿಟ್ಟು ಗಾಳಿ ಸಿಗಲಿಲ್ಲವೆಂದಲ್ಲ. ಗೊತ್ತಿದ್ದೂ ಕಲ್ಲಿನಂತೆ ಕೂತಿರಲ್ಲ, ಅದಕ್ಕೆ. ಆಗ ಪ್ರಾಯ, ಬುದ್ಧಿ ಕಡಿಮೆ ಎಂದುಕೊಂಡೇನು. ಆದರೆ ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡ ಎಂದದ್ದು ಈಗ, ಹೋದ ತಿಂಗಳು. ಉಂಡೆ ಅಲ್ಲಿರುವುದು ನಿಮಗೆ ನೆನಪಿತ್ತು. ಅದನ್ನು ಅಲ್ಲೇ ಬಿಟ್ಟು, ನನ್ನನ್ನು ಅದೇ ಸೀಟಿನಲ್ಲಿ ಕೂರಿಸಿಕೊಂಡು ಊರೂರು ಸುತ್ತುವ ಯೋಚನೆ ಹಾಕಿದ್ದಿರಿ. ಇದನ್ನು ಮಾತ್ರ ನನ್ನಿಂದ ನುಂಗಲಾಗುತ್ತಿಲ್ಲ.

ಉಂಡೆ ತೆಗೆದ ಮೇಲೆ ಗ್ಯಾಸಣ್ಣ ಎಡಗಡೆಯ ಕಿಂಡಿಗೆ ಉಷ್ಣಮಾಪಕ ಸಿಕ್ಕಿಸಿ, ತಂಪಿನ ತಿರುಪನ್ನು ಒಂಚೂರು ಹಿಂದೆ ಮುಂದೆ ಮಾಡಿ, 'ಈಗ ಕೂತು ನೋಡಿ' ಎಂದ. ಕೂತೆ. ಕತ್ತಿಗೆ, ಕಂಕುಳಿಗೆ ತಣ್ಣಗೆ ತಾಗಿತು. ಸುಖವಾಗಿತ್ತು, ಅದನ್ನೂ ಹೇಳಬೇಕು. ನನ್ನ ಕಣ್ಣೀರು ನೋಡಿ ಅವನು ಗಾಬರಿಯಾಗಿ ಫ್ಯಾನ್ ತಗ್ಗಿಸಿದ. ಮಗಳಿಗೆ ಇದನ್ನೆಲ್ಲ ಹೇಳಿಲ್ಲ, ಹೇಳುವುದೂ ಇಲ್ಲ. ಅವಳಿಗೆ ಅಪ್ಪ ಅಂತ ಒಬ್ಬರು ಇರಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಎಂಜಿನ್ ಕೋಣೆಯಿಂದ ಬಂದ ತಕ್ಷಣ ತಣ್ಣೀರು ಕುಡಿಯಬೇಡಿ, ನಿಮಗೆ ಗಂಟಲು ಕಟ್ಟುತ್ತದೆ. ನಿಮ್ಮ ಜೊತೆಯ ಅಡುಗೆಯವನಿಗೆ ನಾನು ಕೇಳಿದೆನೆಂದು ಹೇಳಿ.

'ನಿಮ್ಮವಳು' ಎಂದು ಬರೆಯುವುದು ರೂಢಿ. ಇವತ್ತು ಕೈ ಬರುತ್ತಿಲ್ಲ.
ಮಗಳ ಅಮ್ಮ

ತಾ.ಕ.: ಆಟೋ ಹೊರಗೆ ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಾಸ್ಟೆಲ್ಲಿನವರಿಗೆ ಬೆಳಿಗ್ಗೆಯೇ ಹೂಂ ಎಂದು ಬಂದೆ, ಇನ್ನು ಮುಂದೆ ನನ್ನ ವಾಸ ಅಲ್ಲೇ. ಮನೆಯ ಬೀಗದ ಕೈ ಎದುರುಮನೆಯ ದರ್ಜಿಯ ಹತ್ತಿರ, ಕಾರಿನದು ಗ್ಯಾಸಣ್ಣನ ಹತ್ತಿರ. ನೋಡಬೇಕೆನಿಸಿದರೆ ಭಾನುವಾರ ಮಧ್ಯಾಹ್ನ ಬನ್ನಿ. ಗಂಡಸರನ್ನು ಒಳಗೆ ಬಿಡುವುದಿಲ್ಲ, ಗೇಟಿನ ಹೊರಗೆ ಕಾಯಬೇಕು. ಅಲ್ಲಿ ನೆರಳಿಲ್ಲ, ಕೊಡೆ ತನ್ನಿ.